ಎರಡನೆಯ ಜೇಮ್ಸ್ ಪಟ್ಟ ಕಳೆದುಕೊಂಡದ್ದು ಒಂದು ಕೂಸು ಹುಟ್ಟಿದ್ದಕ್ಕೋ?

ಪ್ರಶ್ನೆ: ಗುಮ್ಮಟದೂರಿನ ವಿದ್ಯಾರ್ಥಿನಿ, ವಿಜಯಪುರ

ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಇತಿಹಾಸ ಎಂ.ಎ. ಓದುತ್ತಿದ್ದೇನೆ. 1688ರ ಇಂಗ್ಲೆಂಡಿನ ಕ್ರಾಂತಿಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎಂಟು ಕಾರಣಗಳಿವೆ. ಅರಸ ಎರಡನೆಯ ಜೇಮ್ಸನ ಕ್ಯಾಥೊಲಿಕ್ ಮತ, ಕಾಯಂ ಸೈನ್ಯ, ಟೆಸ್ಟ್ ಕಾಯಿದೆಯ ಉಲ್ಲಂಘನೆ, ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿನ ಪ್ರಕರಣ, ಏಳು ಬಿಷಪ್ಪರ ವಿಚಾರಣೆ, ರಾಜಕುಮಾರನ ಜನನ ಇತ್ಯಾದಿ. ಎಂಟನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಇವುಗಳಲ್ಲಿ ತೊಲೆ ಯಾವುದು, ಜಂತಿ ಯಾವುದು ಎಂಬುದು ನನಗೆ ತಿಳಿಯುತ್ತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಈ ಸಂಗತಿ: 1685ರಲ್ಲಿ ಜೇಮ್ಸ್ ಪಟ್ಟಕ್ಕೆ ಬಂದಾಗ ಪಾರ್ಲಿಮೆಂಟು ಅವನಿಗೆ ಜೀವಮಾನವಿಡೀ ಸಲ್ಲುವಂತೆ ತೆರಿಗೆಯ ಆದಾಯವನ್ನು ಒಪ್ಪಿಸಿತು. ಅದೇ ವರ್ಷ ಅವನ ಅಣ್ಣನ ಮಗ ಮನ್ಮತ್ ಡ್ಯೂಕ್ ಬಂಡೆದ್ದಾಗ ದೇಶದ ದೊಡ್ಡವರಾರೂ ಆ ಬಂಡಾಯಗಾರನ ಕಡೆ ಹೋಗಲಿಲ್ಲ. ಜೇಮ್ಸ್ ಕ್ಯಾಥೊಲಿಕ್ ಎಂಬುದು ಆಗಲೂ ಎಲ್ಲರಿಗೂ ಗೊತ್ತಿತ್ತು. ಹಾಗಿರುವಾಗ ಮೂರೂವರೆ ವರ್ಷಗಳಲ್ಲಿ ಅವನಿಗಾಗಿ ಕತ್ತಿ ಹಿರಿಯುವವರೇ ಇಲ್ಲದಂತಾದದ್ದು ಹೇಗೆ?

ಕಳೆದ ವಾರ ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪಿನ ಪಕ್ಕ ನಿಂತಿದ್ದೆ. ಬಿಜಾಪುರ ಗೆದ್ದೆನೆಂದು ಔರಂಗಜೇಬ್ ಕೆತ್ತಿಸಿದ ಬರಹ ಅದರ ಮೇಲಿದೆ. ಸಿಕಂದರ್ ಆದಿಲ್‌ಶಾಹನ ಪಟ್ಟ ಹೋದದ್ದು 1686ರಲ್ಲಿ, ಜೇಮ್ಸನ ಪಟ್ಟ ಹೋದದ್ದು ಅದಾದ ಎರಡೇ ವರ್ಷಕ್ಕೆ. ನಮ್ಮ ಊರಿನ ಅರಸ ಹೊರಗಿನ ಮುತ್ತಿಗೆಯಿಂದ ಬಿದ್ದ. ಜೇಮ್ಸ್ ಬಿದ್ದದ್ದು ಒಳಗಿನವರಿಂದಲೋ, ಹೊರಗಿನ ಸೈನ್ಯದಿಂದಲೋ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ನಿವೃತ್ತ ಉಪನ್ಯಾಸಕ, ಬಾಗಲಕೋಟೆ

ತಂಗಿ, ನಿನ್ನ ಟಿಪ್ಪಣಿಯಲ್ಲಿರುವ ಎಂಟೂ ಕಾರಣಗಳು ಸರಿಯೇ. ಆದರೆ 1685ರಲ್ಲಿ ಜನ ಏಕೆ ಅವನ ಜೊತೆಗಿದ್ದರು ಎಂದು ನೀನು ಕೇಳಿದೆಯಲ್ಲ, ಉತ್ತರ ಸಿಗುವುದು ಅಲ್ಲಿಂದಲೇ.

ಜೇಮ್ಸನ ತಂದೆ ಮೊದಲನೆಯ ಚಾರ್ಲ್ಸನ ತಲೆಯನ್ನು 1649ರಲ್ಲಿ ಕಡಿಯಲಾಯಿತು. ಅದರ ಹಿಂದುಮುಂದಿನ ಅಂತರ್ಯುದ್ಧವನ್ನು ಕಂಡ ತಲೆಮಾರು ಇನ್ನೂ ಬದುಕಿತ್ತು. ಅರಸ ಕೆಟ್ಟವನಾದರೂ ಸಹಿಸಬಹುದು, ಆದರೆ ಊರೂರಲ್ಲಿ ಅಣ್ಣತಮ್ಮಂದಿರು ಕಡಿದಾಡುವ ದಿನಗಳು ಮತ್ತೆ ಬರಬಾರದು ಎಂಬುದು ಅವರ ಮನಸ್ಸಿನ ಆಳದ ಮಾತಾಗಿತ್ತು. 1679ರಿಂದ 1681ರವರೆಗೆ ವಿಗ್ ಪಕ್ಷದವರು ಜೇಮ್ಸನನ್ನು ಉತ್ತರಾಧಿಕಾರದಿಂದಲೇ ಹೊರಗಿಡುವ ಮಸೂದೆಗಾಗಿ ಮೂರು ಪಾರ್ಲಿಮೆಂಟುಗಳಲ್ಲಿ ಹೋರಾಡಿದಾಗ, ಅವನ ಬೆನ್ನಿಗೆ ನಿಂತವರು ಅರಸೊತ್ತಿಗೆಯ ಪಕ್ಷದವರಾದ ಟೋರಿಗಳು ಮತ್ತು ಇಂಗ್ಲೆಂಡಿನ ಅಧಿಕೃತ ಪ್ರಾಟೆಸ್ಟಂಟ್ ಚರ್ಚಾದ ಆಂಗ್ಲಿಕನ್ ಚರ್ಚಿನವರು. ಅರಸನನ್ನು ಎದುರಿಸುವುದು ಪಾಪ ಎಂದು ಚರ್ಚಿನ ವೇದಿಕೆಯಿಂದ ಬೋಧಿಸಿದವರು ಅದೇ ಪಾದ್ರಿಗಳು. ಜೇಮ್ಸನ ಮನೆಗೆ ತೊಲೆಯಾಗಿದ್ದವರು ಇವರು. ನನ್ನ ತಿಳಿವಳಿಕೆಯ ಮಟ್ಟಿಗೆ, 1688ರ ಮೂಲ ಕಾರಣವೆಂದರೆ ಅವನು ಆ ತೊಲೆಯನ್ನು ತಾನೇ ಕಿತ್ತದ್ದು.

ಮನ್ಮತನ ಬಂಡಾಯವನ್ನು 1685ರ ಜುಲೈಯಲ್ಲಿ ಸೆಡ್ಜ್‌ಮೂರಿನಲ್ಲಿ ಅಡಗಿಸಿದ ಮೇಲೆ, ಅದಕ್ಕಾಗಿ ಬೆಳೆಸಿದ್ದ ಸೈನ್ಯವನ್ನು ಜೇಮ್ಸ್ ಬಿಡಿಸಲಿಲ್ಲ. ಟೆಸ್ಟ್ ಕಾಯಿದೆಯ ಪ್ರಕಾರ ಆಂಗ್ಲಿಕನ್ ಪದ್ಧತಿಯಲ್ಲಿ ಪ್ರಸಾದ ಸ್ವೀಕರಿಸದವರು ಸರಕಾರಿ ಹುದ್ದೆಯಲ್ಲಿರುವಂತಿರಲಿಲ್ಲ, ಆದರೂ ಸೈನ್ಯದ ಕ್ಯಾಥೊಲಿಕ್ ಅಧಿಕಾರಿಗಳನ್ನು ಅವನು ಉಳಿಸಿಕೊಂಡ. ಆ ವರ್ಷದ ಅಕ್ಟೋಬರಿನಲ್ಲಿಯೇ ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ನಾಂಟ್ ಶಾಸನವನ್ನು ರದ್ದುಮಾಡಿ, ತನ್ನ ಪ್ರಾಟೆಸ್ಟಂಟ್ ಪ್ರಜೆಗಳಿಗೆ ಇದ್ದ ರಕ್ಷಣೆಯನ್ನು ಕಿತ್ತುಕೊಂಡ. ಕ್ಯಾಥೊಲಿಕ್ ಅರಸನ ಕೈಯಲ್ಲಿ ಕಾಯಂ ಸೈನ್ಯವಿದ್ದರೆ ಏನಾಗುತ್ತದೆ ಎಂಬುದನ್ನು ಲಂಡನ್ನಿನ ಜನ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಮನೆಯೊಳಗೆ ಸೈನಿಕರನ್ನು ಬಿಡಾರ ಹೂಡಿಸಿ ಮತ ಬಿಡಿಸಿದ್ದನ್ನು ಅನುಭವಿಸಿ ಓಡಿ ಬಂದ ನೇಕಾರರು ಅವರ ಪಕ್ಕದ ಓಣಿಯಲ್ಲಿಯೇ ನೆಲೆಸಿದ್ದರು. ನವೆಂಬರಿನಲ್ಲಿ ಸೇರಿದ ಪಾರ್ಲಿಮೆಂಟು, ಅದೂ ಟೋರಿಗಳೇ ತುಂಬಿದ್ದ ಪಾರ್ಲಿಮೆಂಟು, ಆ ಅಧಿಕಾರಿಗಳ ಬಗ್ಗೆ ತಕರಾರು ತೆಗೆಯಿತು. ಜೇಮ್ಸ್ ಅಧಿವೇಶನವನ್ನೇ ನಿಲ್ಲಿಸಿದ. ಅವನ ಆಳ್ವಿಕೆಯಲ್ಲಿ ಪಾರ್ಲಿಮೆಂಟು ಮತ್ತೆ ಸೇರಲೇ ಇಲ್ಲ.

ಮುಂದಿನದು ನಿನ್ನ ಟಿಪ್ಪಣಿಯಲ್ಲಿ ಇರಲಿಕ್ಕಿಲ್ಲ. 1687-88ರಲ್ಲಿ ಜಿಲ್ಲೆ ಜಿಲ್ಲೆಯ ಜಮೀನುದಾರರನ್ನು ಕರೆಸಿ ಮೂರು ಪ್ರಶ್ನೆ ಕೇಳಲಾಯಿತು. ನೀನು ಪಾರ್ಲಿಮೆಂಟಿಗೆ ಆಯ್ಕೆಯಾದರೆ ಟೆಸ್ಟ್ ಕಾಯಿದೆಯನ್ನು ರದ್ದುಮಾಡಲು ಮತ ಕೊಡುವೆಯಾ, ಹಾಗೆ ಮತ ಕೊಡುವವರ ಆಯ್ಕೆಗೆ ನೆರವಾಗುವೆಯಾ, ಬೇರೆ ಬೇರೆ ನಂಬಿಕೆಯವರೊಡನೆ ಸ್ನೇಹದಿಂದ ಬಾಳುವೆಯಾ ಎಂದು. ಒಪ್ಪದವರನ್ನು ಮ್ಯಾಜಿಸ್ಟ್ರೇಟ್ ಹುದ್ದೆಯಿಂದ, ಊರಿನ ಆಡಳಿತದಿಂದ ತೆಗೆದುಹಾಕಿದರು. ತಲೆಮಾರುಗಳಿಂದ ಊರಿನ ನ್ಯಾಯ ನೋಡಿಕೊಂಡು ಬಂದ ಮನೆತನದ ಹಿರಿಯನಿಗೆ ಇದು ಎಷ್ಟು ದೊಡ್ಡ ಅವಮಾನ ಎಂಬುದನ್ನು ನಮ್ಮ ಕಡೆಯ ಗೌಡರ, ದೇಸಾಯರ ಮನೆತನಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1687ರಲ್ಲಿ ಮ್ಯಾಗ್ಡಲೆನ್ ಕಾಲೇಜಿನ ಇಪ್ಪತ್ತೈದು ಫೆಲೋಗಳನ್ನು ಹೊರಹಾಕಿದ್ದೂ ಇದೇ ಜಾತಿಯ ತಪ್ಪು. ಆಕ್ಸ್‌ಫರ್ಡು ಅರಸೊತ್ತಿಗೆಯ ಅತ್ಯಂತ ನಿಷ್ಠ ನಗರವಾಗಿತ್ತು.

ಇನ್ನು ಕೂಸಿನ ವಿಷಯ. ಜೇಮ್ಸನ ಇಬ್ಬರು ಹೆಣ್ಣುಮಕ್ಕಳು ಮೇರಿ ಮತ್ತು ಆ್ಯನ್ ಪ್ರಾಟೆಸ್ಟಂಟರು. ಅರಸನಿಗೆ ಐವತ್ತು ದಾಟಿದೆ, ಇಂದಲ್ಲ ನಾಳೆ ಪಟ್ಟ ಮೇರಿಗೆ ಬರುತ್ತದೆ, ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡಿರೋಣ ಎಂದು ಜನ ಕಾಯುತ್ತಿದ್ದರು. 1688ರ ಜೂನ್ 10ರಂದು ಗಂಡು ಕೂಸು ಹುಟ್ಟಿ ಆ ಕಾಯುವಿಕೆಗೆ ಅರ್ಥವಿಲ್ಲದಂತಾಯಿತು. ಕೂಸು ಹುಟ್ಟಿದ್ದರಿಂದ ಸಿಟ್ಟು ಹುಟ್ಟಲಿಲ್ಲ, ಇದ್ದ ಸಿಟ್ಟನ್ನು ಹಿಡಿದಿಟ್ಟಿದ್ದ ತಾಳ್ಮೆ ಕಳಚಿತು.

ಉತ್ತರ: ವಕೀಲ, ಬೆಳಗಾವಿ

ಗುರುಗಳ ಮಾತಿಗೆ ನನ್ನ ಸಹಮತವಿದೆ. ಆದರೂ ಕಾನೂನಿನ ಕಡೆಯಿಂದ ನೋಡದಿದ್ದರೆ ಈ ಕ್ರಾಂತಿಯ ಅರ್ಧ ಭಾಗ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಬ್ಬ ವ್ಯಕ್ತಿಗೆ ಒಂದು ಸಂದರ್ಭದಲ್ಲಿ ಕಾಯಿದೆಯಿಂದ ವಿನಾಯಿತಿ ಕೊಡುವ ಅಧಿಕಾರ ಇಂಗ್ಲೆಂಡಿನ ಅರಸನಿಗೆ ಹಿಂದಿನಿಂದಲೂ ಇತ್ತು. ಜೇಮ್ಸ್ ಅದನ್ನು ಹಿಗ್ಗಿಸಿದ ಬಗೆ ಗಮನಿಸತಕ್ಕದ್ದು. 1686ರಲ್ಲಿ ಸರ್ ಎಡ್ವರ್ಡ್ ಹೇಲ್ಸ್ ಎಂಬ ಕ್ಯಾಥೊಲಿಕ್ ಕರ್ನಲನ ಮೇಲೆ ಅವನ ಸಾರೋಟಿನ ಚಾಲಕ ಗಾಡನ್ ಎಂಬಾತ ದಾವೆ ಹೂಡಿದ. ಟೆಸ್ಟ್ ಕಾಯಿದೆ ಮೀರಿದವನನ್ನು ಹಿಡಿದುಕೊಟ್ಟವನಿಗೆ 500 ಪೌಂಡು ಇನಾಮು ಇತ್ತು, ತನಗೆ ಅದು ಸಲ್ಲಬೇಕೆಂಬುದು ಅವನ ವಾದ. ಧಣಿಯ ವಿರುದ್ಧ ಚಾಲಕ ತಾನಾಗಿ ಕೋರ್ಟು ಹತ್ತಿದ್ದಲ್ಲ, ತೀರ್ಪು ಪಡೆಯಲೆಂದೇ ಹೂಡಿಸಿದ ದಾವೆ ಅದು. ಅನುಕೂಲವಾಗಿ ತೀರ್ಪು ಕೊಡರೆಂದು ತೋರಿದ ನ್ಯಾಯಾಧೀಶರನ್ನು ಅರಸ ಮೊದಲೇ ಕೆಲಸದಿಂದ ತೆಗೆದಿದ್ದ. ವಿಚಾರಿಸಿದ ಹನ್ನೆರಡರಲ್ಲಿ ಹನ್ನೊಂದು ಮಂದಿ ಅರಸನ ಪರವಾಗಿ ನಿಂತರು. ಕಾಯಿದೆಗಳು ಅರಸನ ಕಾಯಿದೆಗಳು, ಆದ್ದರಿಂದ ಅವನು ವಿನಾಯಿತಿ ಕೊಡಬಹುದು ಎಂಬುದು ಆ ತೀರ್ಪಿನ ತಿರುಳು. ಆ ಬಾಗಿಲು ತೆರೆದ ಮೇಲೆ ಜೇಮ್ಸ್ ಒಬ್ಬಿಬ್ಬರಿಗೆ ವಿನಾಯಿತಿ ಕೊಡುವಲ್ಲಿಗೆ ನಿಲ್ಲಲಿಲ್ಲ. 1687ರ ಏಪ್ರಿಲಿನಲ್ಲಿ ಧಾರ್ಮಿಕ ಸಹನೆಯ ಘೋಷಣೆ ಹೊರಡಿಸಿ, ಮತಕ್ಕೆ ಸಂಬಂಧಿಸಿದ ಅಷ್ಟೂ ದಂಡನಾ ಕಾಯಿದೆಗಳನ್ನು ಅಮಾನತಿನಲ್ಲಿಟ್ಟ.

ಇಲ್ಲಿ ನಾನು ಜೇಮ್ಸನಿಗೂ ನ್ಯಾಯ ಒದಗಿಸಬೇಕು. ಆ ಘೋಷಣೆಯ ತಿರುಳು ಇಂದಿನ ಕಣ್ಣಿಗೆ ಒಳ್ಳೆಯದೇ. ಕ್ಯಾಥೊಲಿಕರಿಗೂ, ಆಂಗ್ಲಿಕನ್ ಚರ್ಚಿನ ಹೊರಗಿದ್ದ ಪ್ರಾಟೆಸ್ಟಂಟರಿಗೂ ಅದು ಬಹಿರಂಗವಾಗಿ ಪ್ರಾರ್ಥಿಸುವ ಸ್ವಾತಂತ್ರ್ಯ ಕೊಟ್ಟಿತು. ಕ್ವೇಕರ್ ಪಂಥದ ವಿಲಿಯಂ ಪೆನ್ ಅದನ್ನು ಮನಸಾರೆ ಬೆಂಬಲಿಸಿದ. ಆದರೆ ಒಂದು ಒಳ್ಳೆಯ ಕೆಲಸಕ್ಕಾಗಿ ಪಾರ್ಲಿಮೆಂಟಿನ ಕಾಯಿದೆಯನ್ನು ಅರಸನ ಒಂದು ಸಹಿ ಅಳಿಸಬಹುದಾದರೆ, ನಾಳೆ ಕೆಟ್ಟ ಕೆಲಸಕ್ಕಾಗಿ ಆಸ್ತಿಯ ಕಾಯಿದೆಯನ್ನೂ ಅಳಿಸಬಹುದು. ಜನ ಹೆದರಿದ್ದು ಇದಕ್ಕೆ.

1688ರಲ್ಲಿ ಅದೇ ಘೋಷಣೆಯನ್ನು ಮತ್ತೆ ಹೊರಡಿಸಿ, ಪ್ರತಿಯೊಂದು ಚರ್ಚಿನಲ್ಲಿ ಎರಡು ಭಾನುವಾರ ಓದಬೇಕೆಂದು ಆಜ್ಞೆಯಾಯಿತು. ಲಂಡನ್ನಿನಲ್ಲಿ ಬೆರಳೆಣಿಕೆಯ ಚರ್ಚುಗಳಲ್ಲಿ ಮಾತ್ರ ಓದಿದರು. ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಬಿಷಪ್ ಸ್ಪ್ರಾಟ್ ಓದಲು ತೊಡಗಿದಾಗ ಜನ ಎದ್ದು ಹೊರನಡೆದರು. ಗುಜುಗುಜು ಸದ್ದಿನಲ್ಲಿ ಅವನ ಮಾತು ಯಾರಿಗೂ ಕೇಳಿಸಲಿಲ್ಲ, ಕೈಯಲ್ಲಿದ್ದ ಕಾಗದ ನಡುಗುತ್ತಿತ್ತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಯಾನ್‌ಕ್ರಾಫ್ಟ್ ಮತ್ತು ಆರು ಮಂದಿ ಬಿಷಪ್ಪರು ಈ ಆಜ್ಞೆಯಿಂದ ತಮ್ಮನ್ನು ಬಿಡಬೇಕೆಂದು ಅರಸನಿಗೆ ಅರ್ಜಿ ಕೊಟ್ಟರು. ಅರ್ಜಿ ಕೊಟ್ಟದ್ದೇ ರಾಜದ್ರೋಹದ ಬರಹವೆಂದು ಅವರನ್ನು ಜೂನ್ 8ರಂದು ಲಂಡನ್ನಿನ ಕೋಟೆಗೆ ಹಾಕಲಾಯಿತು. 29ರಂದು ವಿಚಾರಣೆ. ಪೀಠದಲ್ಲಿದ್ದ ನಾಲ್ವರಲ್ಲಿ ಇಬ್ಬರು ನ್ಯಾಯಾಧೀಶರು ಬಿಷಪ್ಪರ ಪರವಾಗಿ ಮಾತಾಡಿದರು. ಜ್ಯೂರಿಯನ್ನು ರಾತ್ರಿಯಿಡೀ ಕೋಣೆಯಲ್ಲಿ ಕೂಡಿಹಾಕಿದರು. ಅರಮನೆಗೆ ಬಿಯರ್ ಪೂರೈಸುತ್ತಿದ್ದ ಒಬ್ಬ ಸದಸ್ಯ ಬೆಳಗಿನವರೆಗೂ ಹಟ ಹಿಡಿದು, ಕೊನೆಗೆ ಸೋತ. 30ರ ಬೆಳಿಗ್ಗೆ "ನಿರ್ದೋಷಿಗಳು" ಎಂಬ ತೀರ್ಪು ಹೊರಬಿದ್ದಾಗ, ಹೂನ್‌ಸ್ಲೋ ಬಯಲಿನ ಪಾಳೆಯದಲ್ಲಿ ಅರಸನ ಸೈನಿಕರೇ ಜಯಘೋಷ ಮಾಡಿದರು. ಅರಸ ಆ ಹೊತ್ತು ಅಲ್ಲಿಯೇ ಇದ್ದ.

ಆ ಬಳಿಕ 1689ರ ಹಕ್ಕುಗಳ ಕಾಯಿದೆಯನ್ನು ತೆಗೆದು ಓದಿ ನೋಡು, ತಂಗಿ. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ಕಾಯಿದೆಗಳನ್ನು ಅಮಾನತು ಮಾಡಬಾರದು, ಶಾಂತಿಕಾಲದಲ್ಲಿ ಸೈನ್ಯ ಇಡಬಾರದು, ಅರ್ಜಿ ಕೊಟ್ಟವರನ್ನು ದಂಡಿಸಬಾರದು. ಒಂದೊಂದು ಕಲಮಿನ ಹಿಂದೆಯೂ ಮೇಲೆ ಹೇಳಿದ ಒಂದೊಂದು ಘಟನೆ ನಿಂತಿದೆ. ಗೆದ್ದವರು ಬರೆದದ್ದು ಎಂಬ ಎಚ್ಚರ ಇರಲಿ. ಆದರೂ ಕಾರಣಗಳ ಪಟ್ಟಿ ಬೇಕೆನ್ನುವವರಿಗೆ ಅದಕ್ಕಿಂತ ಹತ್ತಿರದ ದಾಖಲೆ ಬೇರೊಂದಿಲ್ಲ.

ಉತ್ತರ: ಶಾಲಾ ಶಿಕ್ಷಕಿ, ಇಳಕಲ್

ಇಬ್ಬರೂ ಹಿರಿಯರು ಇಂಗ್ಲೆಂಡಿನ ಒಳಗಿನ ಮಾತನ್ನೇ ಹೇಳಿದ್ದೀರಿ. ತಂಗಿ ಕೇಳಿದ ಹೊರಗಿನ ಸೈನ್ಯದ ಪ್ರಶ್ನೆ ಹಾಗೇ ಉಳಿಯಿತು. ನಾನು ಆ ಬದಿಯನ್ನು ಹೇಳಬಯಸುತ್ತೇನೆ, ಏಕೆಂದರೆ ಅದನ್ನು ಬಿಟ್ಟರೆ ನಮ್ಮ ಮಕ್ಕಳಿಗೆ ಅರ್ಧ ಕಥೆ ಮಾತ್ರ ತಲುಪುತ್ತದೆ.

ಮೇರಿಯ ಗಂಡ, ಆರೆಂಜಿನ ವಿಲಿಯಂ, ಡಚ್ಚರ ಮುಖಂಡ. 1672ರಲ್ಲಿ ಲೂಯಿ ಅವನ ನಾಡನ್ನು ಮುತ್ತಿದಾಗ ಇಂಗ್ಲೆಂಡು ಫ್ರಾನ್ಸಿನ ಜೊತೆಗಿತ್ತು. ಡಚ್ಚರು ಕಾಲುವೆಯ ಕಟ್ಟೆಗಳನ್ನು ಒಡೆದು, ತಮ್ಮ ಹೊಲಗಳನ್ನು ತಾವೇ ಮುಳುಗಿಸಿಕೊಂಡು ಉಳಿದರು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡ ನಮ್ಮ ಜಿಲ್ಲೆಯವರಿಗೆ, ಒಂದು ನಾಡು ತನ್ನ ಹೊಲಕ್ಕೆ ತಾನೇ ನೀರು ಬಿಡಬೇಕಾದರೆ ಎಂತಹ ಭಯ ಇರಬೇಕು ಎಂಬುದು ಅರ್ಥವಾದೀತು. ಆಗ ವಿಲಿಯಮನಿಗೆ ಇಪ್ಪತ್ತೊಂದು ವರ್ಷ. ಲೂಯಿಯನ್ನು ತಡೆಯುವುದೇ ಅವನ ಜೀವನದ ಕೆಲಸವಾಯಿತು. ಇಂಗ್ಲೆಂಡಿನ ಹಡಗುಗಳೂ ಹಣವೂ ಮತ್ತೆ ಫ್ರಾನ್ಸಿನ ಕೈಗೆ ಹೋಗಬಾರದು ಎಂಬುದಕ್ಕಾಗಿ ಅವನು ಬಂದ. ಮಾವನ ಪಟ್ಟ ಅದಕ್ಕೆ ದಾರಿಯಾಯಿತು.

ವ್ಯಾಪಾರವೇ ಉಸಿರಾಗಿದ್ದ ಆಮ್‌ಸ್ಟರ್‌ಡಾಮ್ ನಗರ ಇಂತಹ ಸಾಹಸಕ್ಕೆ ಹಣ ಕೊಡುವಂತಹದ್ದಲ್ಲ. ಆದರೆ 1687ರಲ್ಲಿ ಲೂಯಿ ಡಚ್ಚರ ಹೆರಿಂಗ್ ಮೀನು ಮತ್ತು ಬಟ್ಟೆಯ ವ್ಯಾಪಾರಕ್ಕೆ ಅಡ್ಡಗಾಲು ಹಾಕಿದ ಮೇಲೆ ಆ ವರ್ತಕರ ಮನಸ್ಸೂ ತಿರುಗಿತು. 1688ರ ಸೆಪ್ಟೆಂಬರಿನಲ್ಲಿ ಲೂಯಿ ತನ್ನ ಸೈನ್ಯವನ್ನು ಡಚ್ಚರ ಗಡಿಯ ಬದಲು ರೈನ್ ನದಿಯ ಫಿಲಿಪ್ಸ್‌ಬರ್ಗ್ ಕೋಟೆಯತ್ತ ಕಳಿಸಿದ. ಬೆನ್ನ ಹಿಂದಿನ ಭಯ ತಪ್ಪಿದ್ದರಿಂದಲೇ ವಿಲಿಯಂ ಸಮುದ್ರಕ್ಕೆ ಇಳಿಯಲು ಸಾಧ್ಯವಾಯಿತು. ಸುಮಾರು 15,000 ಸೈನಿಕರೊಂದಿಗೆ ಹೊರಟ ಆ ನೌಕಾಪಡೆ, 1588ರಲ್ಲಿ ಸ್ಪೇನು ಕಳಿಸಿದ ಆರ್ಮಡಾಕ್ಕಿಂತ ಬಹಳ ದೊಡ್ಡದು. ಪೂರ್ವದ ಗಾಳಿ ವಿಲಿಯಮನನ್ನು ಪಶ್ಚಿಮಕ್ಕೆ ಒಯ್ದಿತು, ಅದೇ ಗಾಳಿ ಜೇಮ್ಸನ ಹಡಗುಗಳನ್ನು ಥೇಮ್ಸ್ ನದಿಯ ಮುಖದಲ್ಲಿ ಕಟ್ಟಿಹಾಕಿತು. ನವೆಂಬರ್ 5ರಂದು ಅವನು ಟೋರ್‌ಬೇಯಲ್ಲಿ ಇಳಿದ.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ನಮ್ಮ ಪಠ್ಯಗಳು ಇದನ್ನು "ರಕ್ತರಹಿತ ಕ್ರಾಂತಿ" ಎನ್ನುತ್ತವೆ. ಐರ್ಲೆಂಡಿನಲ್ಲಿ 1690ರ ಬಾಯ್ನ್ ಕದನ, 1691ರ ಆಗ್ರಿಮ್ ಕದನ, ಸ್ಕಾಟ್‌ಲೆಂಡಿನಲ್ಲಿ 1689ರ ಕಿಲ್ಲಿಕ್ರಾಂಕಿ ಕದನ, ಇವೆಲ್ಲ ಇದೇ ಕ್ರಾಂತಿಯ ಮುಂದುವರಿಕೆ. ಸಾವಿರಾರು ಜನ ಸತ್ತರು. ರಕ್ತ ಹರಿಯಲಿಲ್ಲ ಎನ್ನುವುದು ಲಂಡನ್ನಿನಲ್ಲಿ ಕುಳಿತು ನೋಡಿದವರ ಮಾತು. ನಾನು ತರಗತಿಯಲ್ಲಿ ಆ ಪದವನ್ನು ಬಳಸುವುದನ್ನು ಬಿಟ್ಟಿದ್ದೇನೆ.

ಮರುಪ್ರಶ್ನೆ: ಗುಮ್ಮಟದೂರಿನ ವಿದ್ಯಾರ್ಥಿನಿ, ವಿಜಯಪುರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇನ್ನೆರಡು ಸಂದೇಹಗಳಿವೆ. ಬಿಷಪ್ಪರು ಬಿಡುಗಡೆಯಾದ ಜೂನ್ 30ರಂದೇ ಏಳು ಮಂದಿ ವಿಲಿಯಮನಿಗೆ ಆಹ್ವಾನದ ಪತ್ರ ಬರೆದರೆಂದು ಓದಿದ್ದೇನೆ. ಹಾಗಾದರೆ ತೀರ್ಪು ಕೇಳಿಯೇ ಅವರು ಧೈರ್ಯ ತಂದುಕೊಂಡರೆ? ಎರಡನೆಯದಾಗಿ, ಆ ಕೂಸು ರಾಣಿಯದೇ ಅಲ್ಲ, ಹಾಸಿಗೆ ಬೆಚ್ಚಗಾಗಿಸುವ ಮುಚ್ಚಳದ ಕೆಂಡದ ತಟ್ಟೆಯೊಳಗೆ ಅಡಗಿಸಿ ಹೊರಗಿನಿಂದ ತಂದದ್ದು ಎಂಬ ವದಂತಿಯನ್ನು ವಿದ್ಯಾವಂತರೂ ನಂಬಿದ್ದು ಹೇಗೆ?

ಉತ್ತರ: ನಿವೃತ್ತ ಉಪನ್ಯಾಸಕ, ಬಾಗಲಕೋಟೆ

ಪತ್ರದ ಸಿದ್ಧತೆ ಮೊದಲೇ ನಡೆದಿತ್ತು. ಏಪ್ರಿಲಿನಲ್ಲಿಯೇ ವಿಲಿಯಂ, ಗಣ್ಯರಿಂದ ಕರೆ ಬಂದರೆ ಬರುವೆನೆಂದು ತಿಳಿಸಿದ್ದ. ತೀರ್ಪಿನ ದಿನ ಬೀದಿಯಲ್ಲಿ ಕಂಡ ಜನರ ಸಂಭ್ರಮ, ದೇಶ ಯಾರ ಕಡೆಗಿದೆ ಎಂಬುದನ್ನು ಆ ಏಳು ಜನರಿಗೆ ಖಚಿತಪಡಿಸಿತು. ಸಹಿ ಹಾಕಿದವರನ್ನು ಗಮನಿಸು: ಡೆವನ್‌ಶೈರ್ ವಿಗ್ ಪಕ್ಷದವನು, ಡ್ಯಾನ್‌ಬಿ ಟೋರಿ, ಕಾಂಪ್ಟನ್ ಲಂಡನ್ನಿನ ಬಿಷಪ್. ಹತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದವರನ್ನು ಒಂದೇ ಕಾಗದದ ಕೆಳಗೆ ಕೂಡಿಸಿದ್ದು ಜೇಮ್ಸ್. ಅಡ್ಮಿರಲ್ ಹರ್ಬರ್ಟ್ ಸಾಮಾನ್ಯ ನಾವಿಕನ ವೇಷದಲ್ಲಿ ಆ ಪತ್ರವನ್ನು ಒಯ್ದ.

ವದಂತಿಯ ಬಗ್ಗೆ: ಹೆರಿಗೆಯ ಕೋಣೆಯಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಕ್ಯಾಥೊಲಿಕರು. ಸಾಕ್ಷಿಯಾಗಬೇಕಿದ್ದ ಆರ್ಚ್‌ಬಿಷಪ್ ಸೆರೆಯಲ್ಲಿದ್ದ, ಮಗಳು ಆ್ಯನ್ ಊರಿನಲ್ಲಿರಲಿಲ್ಲ. ನಂಬಬೇಕೆಂದು ಬಯಸಿದವರಿಗೆ ಅಷ್ಟು ಸಾಕಾಯಿತು. ಮುಂದೆ ಅಕ್ಟೋಬರಿನಲ್ಲಿ ಜೇಮ್ಸ್ ಹತ್ತಾರು ಸಾಕ್ಷಿಗಳಿಂದ ಹೇಳಿಕೆ ಬರೆಸಿದರೂ ಪ್ರಯೋಜನವಾಗಲಿಲ್ಲ. ಉತ್ತರಾಧಿಕಾರಿ ಯಾರ ಮಗ ಎಂಬ ಪ್ರಶ್ನೆ ಅಧಿಕಾರ ಬಯಸುವವರ ಕೈಯಲ್ಲಿ ಯಾವಾಗಲೂ ಹರಿತವಾದ ಆಯುಧ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಥ್ಯಾಕರೆ ಒಪ್ಪದೆ ಹೋದದ್ದು ನಮ್ಮ ಕಣ್ಣ ಮುಂದಿನ ಉದಾಹರಣೆ.

ತಾರೀಖುಗಳ ಬಗ್ಗೆ ಒಂದು ಎಚ್ಚರಿಕೆ. ಆಗ ಇಂಗ್ಲೆಂಡಿನ ಪಂಚಾಂಗ ಯುರೋಪಿನದಕ್ಕಿಂತ ಹತ್ತು ದಿನ ಹಿಂದಿತ್ತು. ಟೋರ್‌ಬೇಯ ದಿನ ಒಂದು ಪುಸ್ತಕದಲ್ಲಿ ನವೆಂಬರ್ 5, ಇನ್ನೊಂದರಲ್ಲಿ 15 ಎಂದಿದ್ದರೆ ಗಾಬರಿಯಾಗಬೇಡ. ಎರಡೂ ಸರಿ.

ಇನ್ನು ಬಿಜಾಪುರದ ಮಾತು. ನಿನ್ನ ಟಿಪ್ಪಣಿಯಲ್ಲಿ ಇಲ್ಲದ ಒಂದು ಕಾರಣ ನಮ್ಮ ನಾಡಿನ ಕರಾವಳಿಗೂ ತಾಗುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿಯೇ ಕಾರವಾರದಲ್ಲಿ ಮೆಣಸಿಗಾಗಿ ಕೋಠಿ ಹಾಕಿದ್ದ ಈಸ್ಟ್ ಇಂಡಿಯಾ ಕಂಪನಿಗೆ ಏಕಸ್ವಾಮ್ಯ ಇದ್ದದ್ದು ಅರಸನ ಸನದಿನಿಂದ, ಪಾರ್ಲಿಮೆಂಟಿನ ಕಾಯಿದೆಯಿಂದಲ್ಲ. ಕಂಪನಿಯ ಯಜಮಾನ ಜೊಸೈಯಾ ಚೈಲ್ಡ್ ಜೇಮ್ಸನ ಆಸ್ಥಾನಕ್ಕೆ ಆಪ್ತನಾಗಿದ್ದ. ಹೊರಗುಳಿದ ವರ್ತಕರಿಗೆ ಈ ಏಕಸ್ವಾಮ್ಯವೂ ಅರಸನ ನಿರಂಕುಶತೆಯ ಒಂದು ಮುಖವಾಗಿ ಕಂಡಿತು. ಕ್ರಾಂತಿಯಾದ ಮೇಲೆ, 1694ರಲ್ಲಿ, ಪಾರ್ಲಿಮೆಂಟು ನಿಷೇಧಿಸದ ಹೊರತು ಇಂಡಿಯಾದ ವ್ಯಾಪಾರಕ್ಕೆ ಎಲ್ಲ ಪ್ರಜೆಗಳಿಗೂ ಸಮಾನ ಹಕ್ಕಿದೆ ಎಂದು ಕಾಮನ್ಸ್ ಸಭೆ ಠರಾವು ಮಾಡಿತು. ಇದನ್ನು ತೊಲೆ ಎನ್ನಲಾರೆ. ಆದರೆ ಒಳ್ಳೆಯ ಜಂತಿ.

ಉತ್ತರ: ವಕೀಲ, ಬೆಳಗಾವಿ

ಇಳಕಲ್ಲಿನ ಅಕ್ಕಾವರ ಮಾತಿಗೆ ತಲೆಬಾಗುತ್ತೇನೆ, ಹಡಗುಗಳಿಲ್ಲದೆ ಈ ಕ್ರಾಂತಿ ಇಲ್ಲ. ಆದರೆ 15,000 ಜನರ ಪಡೆ ಜೇಮ್ಸನ ಸೈನ್ಯಕ್ಕಿಂತ ದೊಡ್ಡದಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಸಾಲಿಸ್ಬರಿಯಲ್ಲಿ ಅವನ ಬಳಿ ಅದಕ್ಕಿಂತ ಹೆಚ್ಚು ಸೈನಿಕರಿದ್ದರು. ಮೂಗಿನಿಂದ ರಕ್ತ ಸುರಿಯುತ್ತ ದಿನಗಟ್ಟಲೆ ಅವನು ಅಲ್ಲಿ ಕಾಲ ಕಳೆದ. ನವೆಂಬರ್ 23ರ ರಾತ್ರಿ, ಅವನೇ ಬೆಳೆಸಿದ ಜಾನ್ ಚರ್ಚಿಲ್ ವಿಲಿಯಮನ ಕಡೆ ಹೋದ. ಬೆನ್ನಿಗೇ ಅಳಿಯ ಜಾರ್ಜ್ ಹೋದ, ಮಗಳು ಆ್ಯನ್ ಲಂಡನ್ನಿನಿಂದ ಓಡಿದಳು. ಹೊರಗಿನ ಸೈನ್ಯ ಬಾಗಿಲು ತಟ್ಟಿತು, ಒಳಗೆ ಅಗುಳಿ ಹಾಕುವವರು ಇರಲಿಲ್ಲ. ತಂಗಿಯ ಪ್ರಶ್ನೆಗೆ ನನ್ನ ಉತ್ತರ ಅದು.

ಡಿಸೆಂಬರ್ 11ರ ನಸುಕಿನಲ್ಲಿ ಜೇಮ್ಸ್ ಅರಮನೆ ಬಿಟ್ಟ. ಹೊಸ ಪಾರ್ಲಿಮೆಂಟು ಕರೆಯುವ ಆಜ್ಞಾಪತ್ರಗಳನ್ನು ಸುಟ್ಟು, ರಾಜಮುದ್ರೆಯನ್ನು ಥೇಮ್ಸ್ ನದಿಗೆ ಎಸೆದ. ಮುದ್ರೆಯಿಲ್ಲದೆ ಯಾರೂ ಕಾನೂನುಬದ್ಧವಾಗಿ ಆಳಲಾರರು ಎಂಬುದು ಅವನ ಎಣಿಕೆ. ಮೂರು ವರ್ಷ ಕಾನೂನಿನಿಂದ ವಿನಾಯಿತಿ ಕೇಳಿದ ಅರಸ ಕೊನೆಗೆ ಕಾನೂನಿನ ಒಂದು ಮುದ್ರೆಯನ್ನೇ ಅಷ್ಟು ನೆಚ್ಚಿದ. ಕೆಂಟ್ ತೀರದ ಫ್ಯಾವರ್‌ಶ್ಯಾಮಿನ ಮೀನುಗಾರರು ದೋಣಿಯಲ್ಲಿದ್ದವರನ್ನು ಓಡಿಹೋಗುವ ಕ್ಯಾಥೊಲಿಕ್ ಪಾದ್ರಿಗಳೆಂದು ತಿಳಿದು ಹಿಡಿದು, ಹಣಕ್ಕಾಗಿ ಮೈ ತಡಕಿದರು. ಅರಸನ ಗುರುತು ಅವರಿಗೆ ಮೊದಲು ಹತ್ತಲಿಲ್ಲ. ಜೊತೆಗಿದ್ದ ಇನ್ನೊಬ್ಬನ ಗುರುತು ಹತ್ತಿತು, ಏಕೆಂದರೆ ಅವನು ಅದೇ ಸೀಮೆಯ ಜಮೀನುದಾರ. ಆತ ಸರ್ ಎಡ್ವರ್ಡ್ ಹೇಲ್ಸ್, ಚಾಲಕನಿಂದ ತನ್ನ ಮೇಲೆ ದಾವೆ ಹೂಡಿಸಿಕೊಂಡಿದ್ದ ಅದೇ ಕರ್ನಲ್.